ಆಂಟೆನಾ ಹಿಡಿದವನು

೧೪ ನವೆಂಬರ್ ೧೯೯೩, ಭಾನುವಾರ. ಗುಂಡ್ಲುಪೇಟೆ.

ಪಕ್ಕದ ಮನೆಯ ಶಂಭುಲಿಂಗಪ್ಪನವರ ಟಿ.ವಿ.ಯಲ್ಲಿ ಧಾರಾವಾಹಿ ಮುಗಿಯಿತು. ನನ್ನ ಹೇಸಿಗೆ ಮುಗಿದಿಲ್ಲ.

ಯಾವುದೋ ಗ್ರಹದ ಗಣಿಯಲ್ಲಿ ದುಡಿಯುವ ಯಂತ್ರಮಾನವರು ಧಣಿಯ ಮೇಲೆ ತಿರುಗಿಬೀಳುವ ಕಥೆ. ಶಂಭುಲಿಂಗಪ್ಪನವರ ಆಳು ಮಾರಯ್ಯ ಅದನ್ನು ವಾರವಾರವೂ ಕಿಟಕಿಯಾಚೆ ಜಗಲಿಯಲ್ಲಿ ನಿಂತು ನೋಡಿದವನು. ಇವತ್ತು ಕೊನೆಯ ಕಂತು. ಬಂಡಾಯ ಶುರುವಾಗುವ ಹೊತ್ತಿಗೆ ಸರಿಯಾಗಿ ಚಿತ್ರ ಕುಣಿಯತೊಡಗಿತು.

"ಲೇ ಮಾರ, ಮೇಲತ್ತಿ ಆಂಟೆನಾ ತಿರುಗ್ಸ್ಲಾ!" ಎಂದರು ಶಂಭುಲಿಂಗಪ್ಪ.

ಹತ್ತಿದ, ತಿರುಗಿಸಿದ. ಕೈಬಿಟ್ಟರೆ ಚಿತ್ರ ಮಾಯ. "ಅಂಗೇ ಇಡ್ಕೊಂಡಿರು!" ಎಂದು ಕೂಗಿದವರಲ್ಲಿ ನಾನೂ ಒಬ್ಬ. ತೆರೆಯ ಮೇಲೆ ಒಬ್ಬ ಯಂತ್ರಮಾನವ ತನ್ನವರ ಬಿಡುಗಡೆಗಾಗಿ ಪ್ರಾಣ ಕೊಟ್ಟ. ಧಣಿ ತನ್ನ ಪಾಪ ನೆನೆದು ಗೋಳಾಡಿದ. ನಮ್ಮೆಲ್ಲರ ಕಣ್ಣಲ್ಲೂ ನೀರು. ಸೋಫಾದಲ್ಲಿ ಮರುಕ, ಸೂರಿನ ಮೇಲೆ ಚಳಿಗೆ ನಡುಕ. ಥೂ, ಇದಕ್ಕೂ ನನಗೊಂದು ಪ್ರಾಸ ಬೇಕು.

ಎಲ್ಲ ಮುಗಿದ ಮೇಲೆ ಮಾರಯ್ಯ ಇಳಿದು ಬಂದು ಕಿಟಕಿಯಲ್ಲಿ ಕೇಳಿದ: "ಕೊನೇಗೆ ಏನಾಯ್ತು ಬುದ್ಧಿ?"

ಶಂಭುಲಿಂಗಪ್ಪ ಕಣ್ಣೊರೆಸಿಕೊಂಡರು. "ಆಳುಗಳೇ ಗೆದ್ಬುಟ್ರು ಕಣ್ಲಾ. ಓಗು, ದನಕ್ಕೆ ಉಲ್ಲಾಕು."

ಏನೋ ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಾಫಿ ಬಂತು. ಕುಡಿದೆ.