ಗುಡ್ಡ ಇಳಿಯೋ ಸೈಕಲ್ ಆಟ

ರೀ,

ಮಲಗೀರಿ ಅಂತ ಎಬ್ಬಿಸಲಿಲ್ಲ. ಸೇಡಂ ಬಸ್ಸಿಗೆ ಹೊಂಟೀನಿ, ಹೊಲಿಗಿ ಅಂಗಡಿ ಮುಚ್ಚಿದ ಮ್ಯಾಲ ಸಂಜಿಗೆ ಬರ್ತೀನಿ. ರೊಟ್ಟಿ ಬುಟ್ಟ್ಯಾಗ ಅವ, ಪುಂಡಿಪಲ್ಯ ಬಿಸಿ ಮಾಡ್ಕೋರಿ. ಗುಳಗಿ ಉಂಡ ಮ್ಯಾಲೇ ತಗೋರಿ, ನಿನ್ನೆ ಹಂಗ ಖಾಲಿ ಹೊಟ್ಟ್ಯಾಗ ಬ್ಯಾಡ. ವಾಕರ್ ಹಿಡ್ಕೊಂಡು ಬಾಗಲ ತನಕಾರ ಅಡ್ಡಾಡ್ರಿ.

ಚಿಂಚೋಳಿ ಘಾಟಿನಾಗ ಬೈಕ್ ಮ್ಯಾಲಿಂದ ಬಿದ್ದು ಕಾಲಿಗೆ ರಾಡ್ ಹಾಕಿಸ್ಕೊಂಡೋರು, ದಿನಾಪೂರ್ತಿ ಮೊಬೈಲ್‌ನಾಗ ಗುಡ್ಡ ಇಳಿಯೋ ಸೈಕಲ್ ಆಟಾನೇ ಆಡ್ತೀರಲ್ಲ ಅಂತ ನನಗ ಭಾಳ ಸಿಟ್ಟಿತ್ತು. ಮಾತಾಡ್ಸಿದ್ರ "ಹೂಂ" ಅಂತಿದ್ರಿ, ಅಷ್ಟೇ.

ನಿನ್ನೆ ನೀವು ಜಳಕಕ್ಕ ಹೋದಾಗ ನಾನೂ ಆಡಿ ನೋಡ್ದೆ. ಮೊದಲ್ನೇ ತಿರುವಿನಾಗೇ ಬಿದ್ದೆ. ಒಂದು ಬಟನ್ ಒತ್ತಿದ್ದಕ್ಕ ಬಿದ್ದ ಮನುಷ್ಯಾ ಏನೂ ಆಗಿಲ್ಲ ಅನ್ನಂಗ ಸೈಕಲ್ ಮ್ಯಾಲ ಕುಂತಿದ್ದ. ನೀವು ಅದನ್ನ ಯಾಕ ಬಿಡವಲ್ರಿ ಅಂತ ಆಗ ತಿಳೀತು. ಮತ್ತ ಇಳಿದೆ. ಗಾಳಿ ಸಪ್ಪಳ, ಗಾಲಿ ಸಪ್ಪಳ ಬಿಟ್ರ ಏನೂ ಇಲ್ಲ. "ಹೆಂಗದೀಯಪ್ಪಾ, ಕಾಲು ಎಷ್ಟು ಮಡಚತದ" ಅಂತ ಮನಿಗೆ ಬಂದೋರಂಗ ಕೇಳೋರು ಯಾರೂ ಇಲ್ಲ. ನನಗೂ ಮೊಬೈಲ್ ಕೆಳಗಿಡೋ ಮನಸಾಗಲಿಲ್ಲ.

ಆದ್ರ ಅಷ್ಟು ದೊಡ್ಡ ಗುಡ್ಡದಾಗ ನೀವೊಬ್ಬರೇ ಇರ್ತೀರಿ. ಇಲ್ಲಿ ಒಂದೇ ಖೋಲ್ಯಾಗ, ನಿಮ್ಮ ಬಾಜೂಕ ಕುಂತು, ನಾನೊಬ್ಬಾಕೀನೇ ಇರ್ತೀನಿ.

ಅದರಾಗ ಇಬ್ರು ಕೂಡಿ ಇಳಿಯಂಗ ಇರ್ತದೇನು ನೋಡ್ರಿ. ಇದ್ರ ಸಂಜಿಗೆ ನನಗ ಕಲಿಸ್ರಿ. ನೀವು ಮುಂದ ಹೋಗ್ರಿ, ಆದ್ರ ತಿರುವಿನಾಗ ಒಂದೀಟು ನಿಂದರ್ರಿ, ನಾ ಬರೂತನಕ.

ಅಂಬುಜಾ