ಗಾಡಿಯ ಚಾವಿ

ಭಾನುವಾರ, ೧೯ ಜನವರಿ ೨೦೨೫

ಅಣ್ಣನಿಗೆ ನಾಳೆ ಉತ್ತರ ಹೇಳಲೇಬೇಕು. ಗಂಗಾವತಿ ಬಿಟ್ಟು ಊರಿಗೇ ಬಂದುಬಿಡಿ, ಗೊಬ್ಬರದ ಅಂಗಡಿ ಇಬ್ಬರೂ ನಡೆಸೋಣ ಎಂದು ಪ್ರೀತಿಯಿಂದಲೇ ಕರೆಯುತ್ತಿದ್ದಾನೆ. ಅದನ್ನೇ ಮಾತಾಡಲು ಇವತ್ತು ಮಗಳೂ ಸೇರಿ ಮೂವರೂ ಊರಿಗೆ ಹೋಗಿದ್ದೆವು.

ಇಲ್ಲಿಂದ ಸ್ಕೂಟಿ ಓಡಿಸಿದವಳು ನನ್ನ ಹೆಂಡತಿ ದ್ರಾಕ್ಷಾಯಿಣಿ. ಊರ ಅಗಸಿ ಬಾಗಿಲು ಇನ್ನೂ ದೂರವಿರುವಾಗಲೇ ಇಳಿದು, ಚಾವಿ ನನ್ನ ಕೈಗಿಟ್ಟು ಹಿಂದೆ ಕುಳಿತಳು. ನಾನೂ ಸುಮ್ಮನೆ ತೆಗೆದುಕೊಂಡೆ. ಕಟ್ಟೆಯ ಮೇಲೆ ಹಿರಿಯರು ಕಂಡದ್ದೇ ಅವಳ ಸೆರಗು ತಲೆಗೇರಿತು. ಮುಂದೆ ನಿಂತಿದ್ದ ಮಗಳು ತಿರುಗಿ ನೋಡಿ, "ಅವ್ವಾ, ತಲಿ ನೋಯಾಕತ್ತೈತೇನು?" ಎಂದು ಕೇಳಿದಳು. ದ್ರಾಕ್ಷಾಯಿಣಿ ನಕ್ಕಳು. ನನಗೆ ನಗು ಬರಲಿಲ್ಲ.

ಊಟವಾದ ಮೇಲೆ ದ್ರಾಕ್ಷಾಯಿಣಿ ಮೆಲ್ಲಗೆ ಅಂದಳು, "ನಿಮಗ ಛಲೋ ಅನಸಿದ್ರ ಬರೂಣ್ರಿ. ಸೆರಗೇನ ಭಾರ ಐತಿ?"

ಹೊರಡುವಾಗ ಅಣ್ಣನ ಬಾಗಿಲಲ್ಲೇ, ಎಲ್ಲರೆದುರು, ಚಾವಿ ಅವಳ ಕೈಗಿಟ್ಟೆ. ಗಾಬರಿಯಾದಳು.

"ಯಾಕ್ರೀ, ಕೈ ನೋಯಾಕತ್ತಾವೇನು?"

"ಹೂಂ. ಭಾಳ."

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಮುಂದಿನಿಂದಲೇ ಗಾಡಿ ಓಡಿಸಿದಳು.

ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಉತ್ತರ ಅವನಿಗೆ ಸಿಕ್ಕಿರಬೇಕು. ಆದರೂ ನಾಳೆ ಫೋನು ಮಾಡಿ, ಅವನ ಮನಸ್ಸಿಗೆ ನೋವಾಗದ ಹಾಗೆ, ನಾವು ಗಂಗಾವತಿಯಲ್ಲೇ ಇರುತ್ತೇವೆ ಎಂದು ಹೇಳಬೇಕು.