ಟೀವಿ ಸಾಹೇಬನಿಗೆ ಅವ್ವ ಕೊಟ್ಟ ಉತ್ತರ

ಶಹಾಬಾದ
೧೪-೯-೧೯೮೬

ಪ್ರೀತಿಯ ದೇವಿಂದ್ರಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ಜೈಲಿನ ಊಟ ಹೊಟ್ಟೆಗೆ ಒಗ್ಗಿತೇ? ಮೊಣಕಾಲು ನೋವು ಹೇಗಿದೆ? ಅಲ್ಲಿಯೂ ನೆಲಕ್ಕೆ ನಮ್ಮೂರ ಕಲ್ಲನ್ನೇ ಹಾಸಿದ್ದಾರಂತೆ. ತಂಪಾಗಿ ನಿದ್ದೆ ಬರಬೇಕು. ನಾನು ಚೆನ್ನಾಗಿದ್ದೇನೆ. ಅವ್ವ ಚೆನ್ನಾಗಿಲ್ಲ.

ನೀನು ಸಿಕ್ಕಿಬಿದ್ದದ್ದು ಹೇಗೆಂದು ಯಾರೂ ನಿನಗೆ ಹೇಳಿರಲಾರರು. ಮಾಲೀಕರು ಈಗ ಫರಸಿ ಕಲ್ಲಿನ ಕಾರ್ಖಾನೆಯ ಅಂಗಳದಲ್ಲಿ ವಾರಕ್ಕೊಮ್ಮೆ ಟೀವಿ ಇಡಿಸುತ್ತಾರೆ. ಮುಷ್ಕರ ಮಾಡಿದವರೆಲ್ಲ ಬಾಯಿ ತೆರೆದು ನೋಡುತ್ತಾರೆ, ಅದಕ್ಕೇ ಇಡಿಸುವುದು. ಆ ಪತ್ತೇದಾರಿ ಧಾರಾವಾಹಿ ಪ್ರತಿ ವಾರವೂ ಒಂದೇ: ಅಣ್ಣತಮ್ಮಂದಿರಿಬ್ಬರು, ಒಂದು ಬಂಗಲೆ, ಒಂದು ಹೆಣ. ಹೆಚ್ಚು ಅತ್ತವನೇ ಕೊಲೆಗಾರ. ಬಂಗಲೆ ಯಾರ ಬೆವರಿನಿಂದ ಎದ್ದಿತೆಂದು ಯಾವ ಇನ್ಸ್‌ಪೆಕ್ಟರನೂ ಕೇಳುವುದಿಲ್ಲ. ನಾನಿದನ್ನು ಹೇಳಿದರೆ ಪಕ್ಕದ ಮನೆಯ ಮಾಣಿಕಮ್ಮ, "ಭಾಷಣ ಆಮ್ಯಾಲ ಮಾಡವ್ವ, ಹೆಣ ಸಿಗಾಕತ್ತದ" ಎನ್ನುತ್ತಾಳೆ.

ಅವ್ವನಿಗೆ ಮಾತ್ರ ಅದು ಆಟವಲ್ಲ. ಟೀವಿಯೊಳಗಿನ ಗಂಡಸರು ತನ್ನನ್ನೇ ನೋಡುತ್ತಾರೆಂದು ತಲೆತುಂಬ ಸೆರಗು ಹೊದ್ದು ಕೂರುತ್ತಾಳೆ. ಆ ವಾರ ಇನ್ಸ್‌ಪೆಕ್ಟರ್ ನೇರ ನಮ್ಮತ್ತ ತಿರುಗಿ, ನಿನ್ನ ದೊಡ್ಡ ಮಗ ಎಲ್ಲಿ ಎಂದು ಹಿಂದಿಯಲ್ಲಿ ಗದರಿದ. ಅವ್ವ ಎದ್ದು ಕೈಮುಗಿದಳು.

"ಚಿಂಚೋಳಿಯಾಗ ಇಲ್ರಿ ಸಾಹೇಬ್ರ. ನನ್ನ ಮಗ ಬೇಕಂತ ಲಾರಿ ಹಿಂದಕ ಬಿಟ್ಟಿಲ್ರಿ."

ಅಂಗಳವೆಲ್ಲ ನಕ್ಕಿತು. ಮಾಲೀಕರ ಮಾತು ಕೇಳಿ ನೀನು ಹಿಂದಕ್ಕೆ ಬಿಟ್ಟ ಲಾರಿಯಡಿ, ಮುಷ್ಕರಕ್ಕೆಂದು ಗೇಟಿನಲ್ಲಿ ಕೂತಿದ್ದ ಅಲ್ಲಾವುದ್ದೀನ ಸತ್ತನಲ್ಲ, ಅವನ ಹೆಂಡತಿ ಹಮೀದಾಬೇಗಂ ನಗಲಿಲ್ಲ. ಅದೇ ವಾರ ಪೊಲೀಸರ ಜೀಪು ಚಿಂಚೋಳಿಗೆ ಹೋಯಿತು.

ಅಂದಿನಿಂದ ಅವ್ವ ರೊಟ್ಟಿ ಮುಟ್ಟುತ್ತಿಲ್ಲ. ನಿನ್ನನ್ನು ನೋಡಲು ಬಸ್ಸು ಹತ್ತುವ ಶಕ್ತಿಯೂ ಉಳಿದಿಲ್ಲ. "ನನ್ನ ನಾಲಿಗಿನೇ ನನ್ನ ಮಗನ್ನ ತಿಂತು" ಎಂದು ಗೋಡೆಗೆ ಹೇಳಿಕೊಳ್ಳುತ್ತಾಳೆ. ಮನೆಯಲ್ಲಿ ತುಪ್ಪವಿದ್ದರೆ ನಿನ್ನ ತಾಟಿಗೆ, ಶಾಲೆಯೂ ನಿನಗೆ. ನಾನು ಸಂಘದ ಕರಪತ್ರಗಳ ಅಕ್ಷರ ಕೂಡಿಸಿ ಕೂಡಿಸಿ ಓದಲು ಕಲಿತೆ. ಅವನ್ನೂ ನೀನು ನೀರೊಲೆಗೆ ಹಾಕಿದೆ. ಈಗ ಅವಳ ಉಪವಾಸವೂ ನಿನಗೇ.

ಮಾಲೀಕರು ಆರಾಮವಾಗಿದ್ದಾರೆ. ನಿನ್ನ ಲಾರಿಗೆ ಬೇರೆ ಡ್ರೈವರ್ ಬಂದಿದ್ದಾನೆ. ಮೈ ಕಡೆ ಗಮನವಿರಲಿ.

ನಿನ್ನ ತಂಗಿ
ಶಿವಕಾಂತಮ್ಮ

ತಾ.ಕ.: ಅವ್ವ ಹೇಳಿದ್ದು ಊರಿನ ಹೆಸರು ಮಾತ್ರ. ಅಲ್ಲಿ ನೀನು ಅಡಗಿದ್ದ ಹಣಮವ್ವತ್ತೆಯ ಓಣಿಯನ್ನೂ ಮನೆಯನ್ನೂ ಹೇಳಿದವಳು ನಾನು, ಮರುದಿನ ಹಮೀದಾಬೇಗಂ ಜೊತೆ ಠಾಣೆಗೆ ಹೋಗಿ. ಅವ್ವನಿಗೆ ಇದು ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ನೀನು ಹೇಳುವುದಾದರೆ ಕಾಗದ ಬರೆ. ಅವಳಿಗೆ ಓದಿ ಹೇಳುವವಳು ನಾನೇ.